ಟೇಪು ಹಿಡಿದು ನೋಡೋಣ: ಹಳೆಯ ಸ್ಟಾಕ್ ಕಾರ್‌ಗಳ ಚಾಸಿ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ತಿಂಗಳು ನಮ್ಮ ಶೆಡ್ಡಿಗೆ ಬಂದಿದ್ದ 1967ರ ಫೋರ್ಡ್ ಫೇರ್‌ಲೇನ್ ರೇಸ್ ಕಾರಿನ ಬಗ್ಗೆ ಇಲ್ಲಿ ಎರಡು ಸಾಲು ಬರೆದಿದ್ದೆ. ಅದರದ್ದು 'ಅರ್ಧ ಚಾಸಿ' ಅಂತ ಹೇಳಿ, ವಿವರಿಸದೆ ಮುಂದಕ್ಕೆ ಹೋಗಿಬಿಟ್ಟಿದ್ದೆ. ಓದುಗರು ಸುಮ್ನೆ ಬಿಡಲಿಲ್ಲ. ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ ಇವೆ. ಹಾಗಾಗಿ ಈ ಸಲ ಮೈಲೇಜು, ಬ್ಯಾಟರಿ, ಸರ್ವಿಸ್ ಪ್ರಶ್ನೆಗಳಿಗೆ ರಜೆ.

ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ. ಬೆಂಗಳೂರಿನಲ್ಲಿ ಟೂಲ್ ಅಂಡ್ ಡೈ ಕಲಿತು, ಪೀಣ್ಯದಲ್ಲಿ ಜಿಗ್ ಮತ್ತು ಫಿಕ್ಸ್‌ಚರ್, ಅಂದರೆ ಬಿಡಿಭಾಗವನ್ನು ಅಳತೆಗೆ ಸರಿಯಾಗಿ ಹಿಡಿದಿಡುವ ಚೌಕಟ್ಟುಗಳ ಕೆಲಸ ಮಾಡಿದವಳು ನಾನು. ಈಗ ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ಶಾರ್ಲಟ್ ಊರಿನ ಹತ್ತಿರ ಒಂದು ಸಣ್ಣ ಶೆಡ್ಡಿನಲ್ಲಿ ಇದ್ದೇನೆ. ಹಳೆಯ ರೇಸ್ ಕಾರುಗಳನ್ನು ರಿಪೇರಿ ಮಾಡುವುದು, ಇಲ್ಲದ ಕಾರನ್ನು ಹೊಸದಾಗಿ ಕಟ್ಟುವುದು ನಮ್ಮ ಶೆಡ್ಡಿನ ಕೆಲಸ. ನಾನು ವೆಲ್ಡಿಂಗ್ ಮಾಡುವುದಿಲ್ಲ. ಅಳೆಯುತ್ತೇನೆ.

ಮೇಡಂ, ಸ್ಟಾಕ್ ಕಾರ್ ಅಂದರೆ ಕಂಪನಿಯಿಂದ ಬಂದ ಹಾಗೇ ಇರುವ ಕಾರು ಎಂದು ಬರೆದಿರಿ. ಅದೇ ಪ್ಯಾರಾದಲ್ಲಿ ಚಾಸಿ ಕತ್ತರಿಸಿದರು ಎಂದೂ ಬರೆದಿರಿ. ಯಾವುದನ್ನು ನಂಬಬೇಕು?
— ಲಾರಿ ಬಾಡಿ ಕಟ್ಟುವವರು, ದಾವಣಗೆರೆ

ಎರಡನ್ನೂ ನಂಬಿ. ಈ ಆಟದ ಮೊದಲ ದಿನವೇ ಜಗಳ ಆಗಿದ್ದು ಇದೇ ವಿಷಯಕ್ಕೆ.

ಸ್ಟಾಕ್ ಕಾರ್ ರೇಸ್ ನಡೆಸುವ ನ್ಯಾಸ್ಕಾರ್ ಸಂಸ್ಥೆ ಶುರುವಾಗಿದ್ದು 1948ರಲ್ಲಿ. 'ಏನೂ ಬದಲಾಯಿಸದ ಕಾರು ಮಾತ್ರ' ಅನ್ನುವ ವರ್ಗದ ಮೊದಲ ರೇಸು ನಡೆದದ್ದು 1949ರ ಜೂನ್ 19ರಂದು, ಇದೇ ಶಾರ್ಲಟ್‌ನಲ್ಲಿ. ಮುಕ್ಕಾಲು ಮೈಲಿಯ ಮಣ್ಣಿನ ಟ್ರ್ಯಾಕು, 200 ಸುತ್ತು. ಗ್ಲೆನ್ ಡನವೇ ಅನ್ನುವವರು 1947ರ ಫೋರ್ಡ್ ಓಡಿಸಿ, ಉಳಿದವರನ್ನು ಸುತ್ತುಗಟ್ಟಲೆ ಹಿಂದೆ ಹಾಕಿ ಮೊದಲು ಬಂದರು. ರೇಸ್ ಮುಗಿದ ಮೇಲೆ ತಪಾಸಣೆಯವರು ಕಾರಿನ ಅಡಿಗೆ ಹೋದರು. ಹಿಂದಿನ ಸ್ಪ್ರಿಂಗು, ನಿಮ್ಮ ಲಾರಿಯವರು ಬ್ಲೇಡ್ ಸೆಟ್ ಅನ್ನುತ್ತಾರಲ್ಲ, ಅದನ್ನು ಗಟ್ಟಿ ಮಾಡಿದ್ದು ಸಿಕ್ಕಿಬಿತ್ತು. ಗೆಲುವು ರದ್ದಾಯಿತು. ಲಿಂಕನ್ ಓಡಿಸಿ ಎರಡನೆಯವರಾಗಿ ಬಂದಿದ್ದ ಜಿಮ್ ರೋಪರ್‌ಗೆ ಬಹುಮಾನ ಹೋಯಿತು.

ಆ ಸ್ಪ್ರಿಂಗಿನ ಉಪಾಯ ರೇಸಿನವರದ್ದಲ್ಲ. ಕಳ್ಳಭಟ್ಟಿ ಸಾಗಿಸುವವರದ್ದು. ಆಗ ಈ ಕಡೆಯ ಬೆಟ್ಟದ ಸೀಮೆಯಲ್ಲಿ ರಾತ್ರಿ ಹೊತ್ತು ಕಾರಿನ ಡಿಕ್ಕಿ ತುಂಬ ಸಾರಾಯಿ ತುಂಬಿಕೊಂಡು ಹೋಗುತ್ತಿದ್ದರು. ಭಾರಕ್ಕೆ ಹಿಂಭಾಗ ಕುಸಿದರೆ ಪೊಲೀಸರಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಅದಕ್ಕೇ ಹಿಂದಿನ ಸ್ಪ್ರಿಂಗು ಗಟ್ಟಿ ಮಾಡುತ್ತಿದ್ದರು. ಅದೇ ಕಾರು ಖಾಲಿ ಇದ್ದಾಗ ಮಣ್ಣಿನ ತಿರುವಿನಲ್ಲಿ ಒಂದು ಕಡೆ ವಾಲದೆ ಓಡುತ್ತದೆ. ಕಾರಿನ ಮಾಲೀಕರು 10,000 ಡಾಲರ್ ಪರಿಹಾರ ಕೇಳಿ ಕೋರ್ಟಿಗೆ ಹೋದರು. ಜಡ್ಜು ಕೇಸನ್ನೇ ವಜಾ ಮಾಡಿದರು. ನ್ಯಾಸ್ಕಾರ್‌ಗೆ ನಿಯಮ ಹಾಕುವ ಅಧಿಕಾರ ಇದೆ ಅನ್ನುವುದು ಅಲ್ಲಿಗೆ ಗಟ್ಟಿಯಾಯಿತು.

ಆಮೇಲೆ ಕಂಪನಿಗಳೇ ದಾರಿ ಹುಡುಕಿದವು. ಹಡ್ಸನ್ ಕಂಪನಿ 1951ರಿಂದ ಹಾರ್ನೆಟ್ ಕಾರಿಗೆ 'ಕಠಿಣ ಬಳಕೆಗೆ' ಅನ್ನುವ ಹೆಸರಿನಲ್ಲಿ ಗಟ್ಟಿ ಬಿಡಿಭಾಗಗಳನ್ನು ಪಟ್ಟಿಯಲ್ಲಿ ಸೇರಿಸಿತು. ಪಟ್ಟಿಯಲ್ಲಿ ಪಾರ್ಟ್ ನಂಬರ್ ಇದ್ದರೆ ಅದು ಸ್ಟಾಕ್, ಅಲ್ವಾ? ಯಾರೂ ಬಾಯಿ ತೆರೆಯುವ ಹಾಗಿಲ್ಲ. ಅದರ ಜೊತೆಗೆ ಆ ಕಾರಿನ ನೆಲ ಚಾಸಿ ಪಟ್ಟಿಗಳ ಮೇಲೆ ಕೂರುತ್ತಿರಲಿಲ್ಲ, ಅವುಗಳ ನಡುವೆ ಇಳಿದು ಕೂತಿತ್ತು. ಇಡೀ ಕಾರಿನ ತೂಕ ಕೆಳಗೆ. 1952ರಲ್ಲಿ 34 ರೇಸುಗಳಲ್ಲಿ 27 ಹಡ್ಸನ್ ಪಾಲಾದವು.

'ಅರ್ಧ ಚಾಸಿ' ಅಂದರೇನು? ನಮ್ಮ ಆಟೊಮೊಬೈಲ್ ಲೆಕ್ಚರರ್ ಸಹ ಕೇಳಿಲ್ಲವಂತೆ.
— ಪಾಲಿಟೆಕ್ನಿಕ್ ವಿದ್ಯಾರ್ಥಿ, ಹಾಸನ

ನಿಮ್ಮ ಲೆಕ್ಚರರ್ ಕೇಳದೇ ಇದ್ದದ್ದರಲ್ಲಿ ಆಶ್ಚರ್ಯ ಇಲ್ಲ. ಇದು ಪಠ್ಯಪುಸ್ತಕದ ವಿಷಯ ಅಲ್ಲ, ಗ್ಯಾಸ್ ಕಟರ್ ಹಿಡಿದವರ ವಿಷಯ.

ಮೊದಲು ಎರಡು ಬಗೆಯ ಕಾರು ನೆನಪಿಟ್ಟುಕೊಳ್ಳಿ. ಒಂದರಲ್ಲಿ ಕೆಳಗೆ ಬೇರೆಯೇ ಚಾಸಿ, ಮೇಲೆ ಬಾಡಿ. ನಮ್ಮ ಜೀಪಿನ ಹಾಗೆ. ಇನ್ನೊಂದರಲ್ಲಿ ಬಾಡಿಯ ತಗಡೇ ಚಾಸಿ. ಅಂಬಾಸಿಡರ್ ಈ ಎರಡನೇ ಜಾತಿ. ಫೋರ್ಡ್ ಕಂಪನಿಯ ದೊಡ್ಡ ಕಾರು ಗ್ಯಾಲಕ್ಸಿ ಮೊದಲ ಜಾತಿ, ಚಿಕ್ಕದಾದ ಫೇರ್‌ಲೇನ್ ಎರಡನೇ ಜಾತಿ.

1966ರ ಹೊತ್ತಿಗೆ ಫೋರ್ಡ್ ಕಡೆಯವರಿಗೆ ಗ್ಯಾಲಕ್ಸಿ ಭಾರ ಅನ್ನಿಸತೊಡಗಿತು. ಫೇರ್‌ಲೇನ್ ಮೈ ಸಣ್ಣದು, ಗಾಳಿಯಲ್ಲಿ ಸಲೀಸು. ಆದರೆ ಅದರ ಮುಂಭಾಗ ರೇಸಿಗೆ ಬಾರದು. ಮುಂದಿನ ಚಕ್ರವನ್ನು ಹಿಡಿಯುವ ಆರ್ಮ್‌ಗಳು ಎರಡು, ಒಂದು ಮೇಲೆ, ಒಂದು ಕೆಳಗೆ; ಕಾಯಿಲ್ ಸ್ಪ್ರಿಂಗು ಮೇಲಿನದರ ಮೇಲೆ ಕೂರುತ್ತಿತ್ತು. ಅದನ್ನು ಹಿಡಿಯಲು ಎರಡೂ ಕಡೆ ಎತ್ತರದ ತಗಡಿನ ಗೋಪುರ. ನಡುವೆ 427 ಘನ ಇಂಚಿನ, ಅಂದರೆ 7 ಲೀಟರಿನ ಎಂಜಿನ್ ಕೂರಿಸಿದರೆ ಕೈ ಆಡಿಸಲು ಜಾಗ ಇರುವುದಿಲ್ಲ. ಡೇಟೋನಾದಂಥ ಟ್ರ್ಯಾಕಿನ ಇಳಿಜಾರು ತಿರುವಿನಲ್ಲಿ ಬೀಳುವ ಭಾರವನ್ನು ಆ ತಗಡು ಎಷ್ಟು ಹೊತ್ತು ತಡೆದೀತು?

ಉಪಾಯ ಹೀಗಿತ್ತು. ಎಂಜಿನ್ನಿಗೂ ಡ್ರೈವರ್ ಕಾಲಿಗೂ ನಡುವೆ ಇರುವ ತಗಡಿನ ಗೋಡೆಯಿಂದ ಮುಂದಿನದ್ದನ್ನೆಲ್ಲ ಕತ್ತರಿಸಿ ಎಸೆಯುವುದು. 1965ರ ಗ್ಯಾಲಕ್ಸಿಯ ಚಾಸಿಯಿಂದ ಮುಂಭಾಗವನ್ನು ಕತ್ತರಿಸಿ ತಂದು ಅಲ್ಲಿಗೆ ವೆಲ್ಡ್ ಮಾಡುವುದು. ಅದರಲ್ಲಿ ಸ್ಪ್ರಿಂಗು ಕೆಳಗಿನ ಆರ್ಮ್ ಮೇಲೆ ಕೂರುತ್ತದೆ, ಗೋಪುರ ಬೇಕಿಲ್ಲ. ಹಿಂಭಾಗ ಮಾತ್ರ ಫೇರ್‌ಲೇನಿನದ್ದೇ, ಅದೇ ಬ್ಲೇಡ್ ಸ್ಪ್ರಿಂಗು. ಮುಂದೆ ಚಾಸಿ ಉಂಟು, ಹಿಂದೆ ಇಲ್ಲ. ಅದಕ್ಕೇ ಅರ್ಧ ಚಾಸಿ.

ಫೋರ್ಡ್ ಕಂಪನಿಯದ್ದೇ ಇನ್ನೊಂದು ಹೆಸರು ಮರ್ಕ್ಯುರಿ. ಬಡ್ ಮೂರ್ ಅವರು ಹೀಗೆ ಕಟ್ಟಿದ ಮರ್ಕ್ಯುರಿ ಕಾಮೆಟ್ ಓಡಿಸಿ ಡ್ಯಾರೆಲ್ ಡೀರಿಂಗರ್ 1966ರ ಸೆಪ್ಟೆಂಬರಿನಲ್ಲಿ ಡಾರ್ಲಿಂಗ್ಟನ್‌ನ ಸದರ್ನ್ 500 ಗೆದ್ದರು. ಮರುವರ್ಷ ಫೆಬ್ರವರಿಯಲ್ಲಿ ಮಾರಿಯೊ ಆಂಡ್ರೆಟ್ಟಿ ಡೇಟೋನಾ 500 ಗೆದ್ದದ್ದು ಹೋಲ್ಮನ್-ಮೂಡಿ ಕಟ್ಟಿದ ಫೇರ್‌ಲೇನ್‌ನಲ್ಲಿ. ಜಾನ್ ಹೋಲ್ಮನ್, ರಾಲ್ಫ್ ಮೂಡಿ ಇಬ್ಬರ ಕಾರ್ಖಾನೆ ಅದು. ಶಾರ್ಲಟ್ ವಿಮಾನ ನಿಲ್ದಾಣದ ಪಕ್ಕ ಇತ್ತು. 1957ರಲ್ಲಿ ಅಮೆರಿಕದ ಕಾರ್ ಕಂಪನಿಗಳೆಲ್ಲ ರೇಸಿಂಗ್ ಬಿಟ್ಟೆವು ಎಂದು ಘೋಷಿಸಿದಾಗ, ಫೋರ್ಡ್‌ನ ರೇಸ್ ಸಾಮಾನು ಇವರ ಕೈಗೆ ಬಂತು. ಅಲ್ಲಿಂದ ಬೆಳೆದವರು.

ಚಾಸಿ ಅಂದರೆ ಬರೀ ಪಟ್ಟಿ ಅಲ್ಲ. ನನ್ನ ಕಣ್ಣಿಗೆ ಆ ಕಾಲದವರ ಜಾಣತನ ಕಾಣುವುದು ಮೂರು ಕಡೆ.

ಮೊದಲನೆಯದು ಹಬ್ಬು, ಅಂದರೆ ಚಕ್ರ ಕೂರುವ ನಡುಭಾಗ. ಟೈರ್ ಹಿಡಿತ ಜಾಸ್ತಿಯಾದ ಹಾಗೆ ಕಾರಿನ ಆಕ್ಸಲ್ ಮುರಿದು ಚಕ್ರವೇ ಕಳಚಿಹೋಗುತ್ತಿತ್ತು. ದಾವಣಗೆರೆಯವರಿಗೆ ಇದು ಕೂಡಲೇ ಅರ್ಥ ಆಗುತ್ತದೆ. ಲಾರಿಯಲ್ಲಿ ಆಕ್ಸಲ್ ಶಾಫ್ಟನ್ನು ಎಳೆದು ಹೊರಗೆ ತೆಗೆದರೂ ಚಕ್ರ ಬೀಳುವುದಿಲ್ಲ, ಯಾಕೆಂದರೆ ಭಾರ ಹೊರುವುದು ಶಾಫ್ಟಿನ ಹೊರಗಿನ ಹೌಸಿಂಗ್, ಶಾಫ್ಟು ತಿರುಗಿಸುತ್ತದೆ ಅಷ್ಟೆ. ಅದೇ ಫ್ಲೋಟಿಂಗ್ ಆಕ್ಸಲ್‌ಅನ್ನು ಟ್ರಕ್ಕಿನಿಂದ ತಂದು ಫೋರ್ಡ್‌ನ 9 ಇಂಚಿನ ಡಿಫರೆನ್ಷಿಯಲ್ಲಿಗೆ ಹೊಂದಿಸಿದರು.

ಎರಡನೆಯದು ಪಂಜರ. ರೋಲ್ ಕೇಜ್ ಮೊದಲು ಬಂದದ್ದು ಡ್ರೈವರ್ ತಲೆ ಉಳಿಸಲು. ಆಮೇಲೆ ಯಾರಿಗೋ ಹೊಳೆಯಿತು, ಇದೇ ಪೈಪನ್ನು ಮುಂದಿನ ಸ್ಪ್ರಿಂಗಿನವರೆಗೂ ಎಳೆದು ವೆಲ್ಡ್ ಮಾಡಿದರೆ ಇಡೀ ಕಾರು ತಿರುಚುವುದು ನಿಲ್ಲುತ್ತದೆ ಅಂತ. ನಿಯಮದ ಪುಸ್ತಕದಲ್ಲಿ ಅದು ಸುರಕ್ಷತೆ. ಕೆಲಸದಲ್ಲಿ ಅದೇ ಚಾಸಿ.

ಮೂರನೆಯದು ಸ್ಪ್ರಿಂಗಿನ ಮೇಲೆ ಕೂರಿಸಿದ ದಪ್ಪ ಸ್ಕ್ರೂ. ಪಾನ ಹಾಕಿ ತಿರುಗಿಸಿದರೆ ಆ ಮೂಲೆ ಮೇಲೇಳುತ್ತದೆ. ನಾಲ್ಕು ಕಾಲಿನ ಮಂಚದ ಒಂದು ಕಾಲಿಗೆ ಸಣ್ಣ ಚಕ್ಕೆ ಇಟ್ಟು ನೋಡಿ. ಭಾರ ಆ ಕಾಲಿಗೂ ಅದರ ಎದುರು ಮೂಲೆಯ ಕಾಲಿಗೂ ಹೋಗುತ್ತದೆ, ಉಳಿದೆರಡು ಹಗುರ. ಹಿಂದಿನ ಎಡ ಸ್ಕ್ರೂ ಬಿಗಿ ಮಾಡಿದರೆ ಹಿಂದಿನ ಎಡ, ಮುಂದಿನ ಬಲ ಚಕ್ರಗಳ ಮೇಲೆ ಭಾರ. ತಿರುವಿನಲ್ಲಿ ಕಾರಿನ ಹಿಂಭಾಗ ಜಾರುವುದು ಕಡಿಮೆಯಾಗುತ್ತದೆ. ಜಾಸ್ತಿ ಬಿಗಿ ಮಾಡಿದರೆ ಕಾರು ತಿರುಗುವುದೇ ಇಲ್ಲ, ನೇರ ಗೋಡೆಗೆ. ಈಗ ಕಂಪ್ಯೂಟರ್ ಮುಂದೆ ಕೂತು ಮಾಡುವುದನ್ನು ಅವರು ನಾಲ್ಕು ತಕ್ಕಡಿ, ಒಂದು ಪಾನದಲ್ಲಿ ಮಾಡಿದ್ದಾರೆ.

ಸ್ಮೋಕಿ ಯೂನಿಕ್ ಅನ್ನುವವರು ಇಡೀ ಕಾರನ್ನೇ ಎಂಟನೇ ಒಂದು ಭಾಗ ಚಿಕ್ಕದಾಗಿ ಕಟ್ಟಿ ರೇಸಿಗೆ ತಂದಿದ್ದರಂತೆ. ಪೆಟ್ರೋಲ್ ಟ್ಯಾಂಕ್ ಇಲ್ಲದೆ ಕಾರು ಓಡಿಸಿದರಂತೆ. ಹೌದೇ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು

ಈ ಎರಡು ಕಥೆ ನಮ್ಮ ಶೆಡ್ಡಿನಲ್ಲಿ ಚಹಾದ ಹೊತ್ತಿಗೆ ವಾರಕ್ಕೊಮ್ಮೆಯಾದರೂ ಬರುತ್ತವೆ. ಕಥೆ ಚೆನ್ನಾಗಿದೆ. ನಾನು ಟೇಪಿನವಳು, ಅಳತೆ ಹೇಳುತ್ತೇನೆ.

ಸ್ಮೋಕಿ ಡೇಟೋನಾ ಊರಿನಲ್ಲಿ ಗ್ಯಾರೇಜು ಇಟ್ಟು ರೇಸ್ ಕಾರು ಕಟ್ಟುತ್ತಿದ್ದವರು. ಮೊದಲ ಕಥೆಯ ಕಾರು ಷೆವರ್ಲೆ ಕಂಪನಿಯ 1967ರ ಷೆವೆಲ್. ಅದರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 115 ಇಂಚು. ಎಂಟನೇ ಒಂದು ಭಾಗ ಕಡಿಮೆ ಮಾಡಿದರೆ ಸುಮಾರು 100.6 ಇಂಚು. ಹದಿನಾಲ್ಕೂವರೆ ಇಂಚು ಗಿಡ್ಡ! ಟೇಪು ಬೇಡ, ಪಕ್ಕದಲ್ಲಿ ಇನ್ನೊಂದು ಷೆವೆಲ್ ನಿಲ್ಲಿಸಿದರೆ ಸಾಕು, ಮಗುವಿಗೂ ಗೊತ್ತಾಗುತ್ತದೆ.

ಅವರು ಮಾಡಿದ್ದು ಇದಕ್ಕಿಂತ ಸೂಕ್ಷ್ಮ. ಬಾಡಿಯನ್ನು ಚಾಸಿಯ ಮೇಲೆ ಸ್ವಲ್ಪ ಹಿಂದಕ್ಕೆ ಸರಿಸಿದರು. ನೆಲವನ್ನು ಮೇಲಕ್ಕೆತ್ತಿ ಕಾರನ್ನು ತಗ್ಗಿಸಿದರು. ಅಡಿಭಾಗ ನಯವಾಗಿರುವ ಹಾಗೆ ನೋಡಿಕೊಂಡರು. ಹೊರಗೆ ನಿಂತು ನೋಡಿದರೆ ಎಲ್ಲವೂ ಸರಿ ಇರುವ ಹಾಗೇ ಕಾಣುತ್ತದೆ, ಆದರೆ ಯಾವುದೂ ಅದರ ಜಾಗದಲ್ಲಿ ಇಲ್ಲ. ಆ ಕಾರಿನಲ್ಲಿ ಕರ್ಟಿಸ್ ಟರ್ನರ್ 1967ರ ಡೇಟೋನಾ 500ಕ್ಕೆ ಗಂಟೆಗೆ 180.831 ಮೈಲಿ, ಅಂದರೆ 291 ಕಿಲೋಮೀಟರ್ ವೇಗದಲ್ಲಿ ಅರ್ಹತಾ ಸುತ್ತು ಹೊಡೆದು, ರೇಸ್ ಹೊರಡುವ ಸಾಲಿನಲ್ಲಿ ಮೊದಲ ಸ್ಥಾನ ಹಿಡಿದರು. ಫೋರ್ಡ್ ಮತ್ತು ಕ್ರೈಸ್ಲರ್ ಕೋಟಿಗಟ್ಟಲೆ ಸುರಿಯುತ್ತಿದ್ದಾಗ ಡೇಟೋನಾ ಊರಿನ ಒಂದು ಗ್ಯಾರೇಜಿನ ಕಾರು ಮುಂದೆ ನಿಂತಿತ್ತು. ಜನ ಕಥೆ ಕಟ್ಟದೆ ಇರುತ್ತಾರೆಯೇ? ಅದೇ ವರ್ಷ ಅಟ್ಲಾಂಟಾದಲ್ಲಿ ಅಭ್ಯಾಸದ ವೇಳೆ ಟರ್ನರ್ ಕೈಯಲ್ಲಿ ಆ ಕಾರು ಪಲ್ಟಿ ಹೊಡೆದು ನುಜ್ಜುಗುಜ್ಜಾಯಿತು.

ಇನ್ನು ಪೆಟ್ರೋಲ್ ಕಥೆ. ಟ್ಯಾಂಕಿನ ಅಳತೆಗೆ ನಿಯಮ ಇತ್ತು, ಅದರಿಂದ ಎಂಜಿನ್ನಿಗೆ ಹೋಗುವ ಪೈಪಿಗೆ ಇರಲಿಲ್ಲ. ಅದಕ್ಕೇ 2 ಇಂಚು ದಪ್ಪದ, 11 ಅಡಿ ಉದ್ದದ ಪೈಪು ಹಾಕಿ ಅದರೊಳಗೇ 5 ಗ್ಯಾಲನ್ ತುಂಬಿಸಿದ್ದರು ಅನ್ನುವುದು ಕಥೆ. ನೀವು ಬ್ಯಾಂಕಿನವರು, ಲೆಕ್ಕ ಮಾಡಿ. 2 ಇಂಚಿನ ಪೈಪು 11 ಅಡಿಗೆ ಹಿಡಿಯುವುದು ಸುಮಾರು 6.8 ಲೀಟರ್. ಎರಡು ಗ್ಯಾಲನ್ ಸಹ ಅಲ್ಲ. ಐದು ಗ್ಯಾಲನ್ ಅಂದರೆ 19 ಲೀಟರ್. ಉಳಿದ 12 ಲೀಟರ್ ಕಥೆ ಹೇಳುವವರು ಸುರಿದದ್ದು. ಟ್ಯಾಂಕ್ ಬಿಚ್ಚಿಟ್ಟು ಕಾರು ಓಡಿಸಿಕೊಂಡು ಹೋದರು ಅನ್ನುವುದು ಅದಕ್ಕೆ ಬಾಲ.

ನಿಜವಾಗಿ ಬಾಡಿಯನ್ನು ಎದ್ದು ಕಾಣುವ ಹಾಗೆ ತಿರುಚಿದ ಕಾರು ಬೇಕಿದ್ದರೆ ಜೂನಿಯರ್ ಜಾನ್ಸನ್ ಅವರ 1966ರ ಹಳದಿ ಫೋರ್ಡ್ ನೋಡಿ. ಆಗಸ್ಟ್‌ನಲ್ಲಿ ಅಟ್ಲಾಂಟಾಕ್ಕೆ ಬಂತು. ಮೂತಿ ಕೆಳಗೆ, ಬಾಲ ಮೇಲೆ, ತಾರಸಿ ತಗ್ಗು. ಜನ ಅದಕ್ಕೆ 'ಹಳದಿ ಬಾಳೆಹಣ್ಣು' ಎಂದೇ ಹೆಸರಿಟ್ಟರು. ಅದರ ನಂತರವೇ ನ್ಯಾಸ್ಕಾರ್ ತಗಡಿನ ಅಚ್ಚುಗಳನ್ನು ಕಾರಿನ ಮೇಲಿಟ್ಟು ಆಕಾರ ಪರೀಕ್ಷಿಸಲು ಶುರು ಮಾಡಿತು. ಪರಿಣಾಮ? ಮೇಲೆ ಆಟ ಆಡುವುದು ಕಷ್ಟವಾದಾಗ ಜಾಣರೆಲ್ಲ ಕೆಳಗೆ, ಚಾಸಿಗೆ ಇಳಿದರು.

ಆ ಕಾರುಗಳು ಯಾಕೆ ಎಡಕ್ಕೇ ತಿರುಗುತ್ತವೆ?
— ಎಂಟನೇ ತರಗತಿ, ಶಿವಮೊಗ್ಗ

ಟ್ರ್ಯಾಕು ಕೋಳಿಮೊಟ್ಟೆ ಆಕಾರದ್ದು, ಗಡಿಯಾರಕ್ಕೆ ಎದುರಾಗಿ ಓಡುತ್ತಾರೆ ಪುಟ್ಟಾ. ಅಮೆರಿಕದಲ್ಲಿ ಡ್ರೈವರ್ ಎಡಗಡೆ ಕೂರುತ್ತಾರಲ್ಲ, ಹಾಗಾಗಿ ಅವರ ತೂಕ ತಿರುವಿನ ಒಳಬದಿಗೆ ಬರುತ್ತದೆ. ಎಂಜಿನ್ನನ್ನೂ ನಿಯಮ ಬಿಡುವಷ್ಟು ಎಡಕ್ಕೆ ಸರಿಸುತ್ತಾರೆ. ಹಿಂದಿನ ಬಲ ಟೈರಿನ ಸುತ್ತಳತೆ ಎಡದ್ದಕ್ಕಿಂತ ಸ್ವಲ್ಪ ಜಾಸ್ತಿ ಇರುವ ಹಾಗೆ ಆರಿಸುತ್ತಾರೆ. ಅಂಥ ಕಾರನ್ನು ನೇರ ರಸ್ತೆಯಲ್ಲಿ ಬಿಟ್ಟರೂ ತಾನಾಗಿ ಎಡಕ್ಕೆ ಎಳೆಯುತ್ತದೆ.

ಕಂಪನಿ ಚಾಸಿ ಪೂರ್ತಿ ಬಿಟ್ಟು, ಪೈಪಿನಲ್ಲೇ ಹೊಸದಾಗಿ ಕಟ್ಟಲು ಯಾವಾಗ ಶುರು ಮಾಡಿದರು? ಯಾರು?
— ಮಷಿನ್ ಶಾಪ್ ಮಾಲೀಕರು, ಬೆಳಗಾವಿ

ಒಂದು ದಿನ ಎಂದು ಹೇಳಲಾಗದು. 1960ರ ದಶಕದ ಕೊನೆಗೆ ಕಂಪನಿ ಚಾಸಿಯಲ್ಲಿ ಕಂಪನಿಯದ್ದು ಉಳಿದಿದ್ದೇ ಕಡಿಮೆ. ಕತ್ತರಿಸಿ, ಒಳಗೆ ಪಟ್ಟಿ ಕೊಟ್ಟು, ಮತ್ತೆ ವೆಲ್ಡ್ ಮಾಡುವ ಬದಲು ಚೌಕ ಪೈಪು ತಂದು ಹೊಸದಾಗಿ ಕಟ್ಟುವುದೇ ಸುಲಭ ಅನ್ನಿಸಿತು. 1970ರ ದಶಕದಲ್ಲಿ ಅದು ದೊಡ್ಡ ಕಸುಬಾಯಿತು.

ಆ ಕಸುಬಿನ ದೊಡ್ಡ ಹೆಸರು ಬ್ಯಾಂಜೊ ಮ್ಯಾಥ್ಯೂಸ್. ತಾವೇ ರೇಸ್ ಡ್ರೈವರ್ ಆಗಿದ್ದವರು. ನಾರ್ತ್ ಕ್ಯಾರೊಲೈನಾದ ಆರ್ಡೆನ್ ಅನ್ನುವ ಊರಿನಲ್ಲಿ ಅವರ ಶೆಡ್ಡು. 1974ರಿಂದ 1985ರವರೆಗೆ ನಡೆದ 362 ದೊಡ್ಡ ರೇಸುಗಳಲ್ಲಿ 262 ಅವರು ಕಟ್ಟಿದ ಕಾರುಗಳ ಪಾಲಾದವು. 1978ರಲ್ಲಂತೂ 30ಕ್ಕೆ 30. ಯೋಚಿಸಿ, ಹೊರಗೆ ಷೆವರ್ಲೆ, ಫೋರ್ಡ್, ಓಲ್ಡ್ಸ್‌ಮೊಬೈಲ್ ಎಂದು ಜನ ಕೂಗಾಡುತ್ತಿದ್ದರು. ಒಳಗೆ ಅಷ್ಟೂ ಕಾರು ಒಬ್ಬರೇ ಮೇಸ್ತ್ರಿಯ ಕೆಲಸ. ಹೋಲ್ಮನ್-ಮೂಡಿಯ ಗಾಡಿ ಓಡಿಸಿದ್ದ ಡಿಕ್ ಹಚರ್ಸನ್ ಸಹ ಎಡ್ಡಿ ಪೇಗನ್ ಜೊತೆ ಸೇರಿ ಶಾರ್ಲಟ್‌ನಲ್ಲಿ ಇದೇ ಕೆಲಸ ಹಿಡಿದರು.

ತಮಾಷೆ ಅಂದರೆ, ಪೈಪು ಹೊಸದಾದರೂ ನಕ್ಷೆ ಹಳೆಯದೇ. ಮುಂಭಾಗದ ಜ್ಯಾಮಿತಿ ಬಹಳ ಕಾಲ ಅದೇ 1965ರ ಗ್ಯಾಲಕ್ಸಿಯದ್ದು. ಹಿಂದಿನ ಆಕ್ಸಲ್ ಹಿಡಿಯುವ ಉದ್ದನೆಯ ಎರಡು ತೋಳುಗಳು 1960ರ ದಶಕದ ಷೆವರ್ಲೆ ಪಿಕಪ್ ಗಾಡಿಯವು. ಎರಡು ಚಾನಲ್ ಬೆನ್ನಿಗೆ ಬೆನ್ನು ಕೊಟ್ಟು ರಿವೆಟ್ ಹೊಡೆದಿರುತ್ತಾರೆ. ಕಾರು ವಾಲಿದಾಗ ಆ ತೋಳು ಸ್ವಲ್ಪ ತಿರುಚಿಕೊಳ್ಳುತ್ತದೆ, ಅದೇ ಅದರ ಗುಣ. ರೈತರ ಪಿಕಪ್ಪಿನಿಂದ ಬಂದ ಆ ವಿನ್ಯಾಸ ನ್ಯಾಸ್ಕಾರ್‌ನ ಮೇಲಿನ ದರ್ಜೆಯಲ್ಲಿ 2021ರವರೆಗೂ ಉಳಿಯಿತು! 2022ರ ಹೊಸ ಕಾರಿನಲ್ಲಿ ಮಾತ್ರ ಹಿಂದಿನ ಚಕ್ರಗಳಿಗೆ ಬೇರೆಬೇರೆ ಸಸ್ಪೆನ್ಷನ್ ಬಂತು. ನಕಲು ಮಾಡುವ ನಮ್ಮಂಥವರಿಗೆ ಇದು ವರ. ಆ ತೋಳು ಇವತ್ತಿಗೂ ಹೊಸದಾಗಿ ಸಿಗುತ್ತದೆ.

ಇನ್ನೊಂದು ವರ್ಷ ನೆನಪಿಡಿ: 1981. ಆ ವರ್ಷ ಚಕ್ರಗಳ ನಡುವಿನ ದೂರವನ್ನು 115ರಿಂದ 110 ಇಂಚಿಗೆ ಇಳಿಸಿದರು. '1979ರ ಅಸಲಿ ಕಾರು' ಎಂದು ಮಾರಲು ತಂದದ್ದು 110 ಇಂಚು ತೋರಿಸಿದರೆ, ಪ್ರಶ್ನೆ ಕೇಳಲು ನಮಗೆ ಅಷ್ಟು ಸಾಕು.

ಅಷ್ಟು ಕಾರುಗಳು ಎಲ್ಲಿ ಹೋದವು ಅಕ್ಕಾ? ನಕಲು ಯಾಕೆ ಮಾಡಬೇಕು? ಹೇಗೆ ಮಾಡುತ್ತೀರಿ? ಅಸಲಿ-ನಕಲಿ ಗೊತ್ತಾಗುವುದು ಹೇಗೆ?
— ಡೆಂಟಿಂಗ್ ಕೆಲಸದವ, ಹುಬ್ಬಳ್ಳಿ

ನಾಲ್ಕು ಪ್ರಶ್ನೆ ಒಂದರಲ್ಲಿ! ಆದರೂ ಈ ಸಲದ ಒಳ್ಳೆಯ ಪತ್ರ ಇದು ತಮ್ಮಾ.

ರೇಸ್ ಕಾರು ಆಗ ಒಂದು ಹತಾರ ಅಷ್ಟೆ. ಯಾರೂ ಜೋಪಾನ ಮಾಡಲಿಲ್ಲ. ಮುಂದಿನ ವರ್ಷದ ಬಾಡಿ ಬಂದರೆ ಹಳೆಯ ತಗಡು ಕಿತ್ತು ಅದೇ ಚಾಸಿಗೆ ಹೊಸದು ತೊಡಿಸಿದರು. ಹಳತಾದ ಮೇಲೆ ಸಣ್ಣ ರೇಸಿನವರಿಗೆ ಮಾರಿದರು. ಅವರು ಗುದ್ದಿ, ಕತ್ತರಿಸಿ, ಕೊನೆಗೆ ಗುಜರಿಗೆ ಹಾಕಿದರು.

1970ರ ಮಾರ್ಚ್ 24ರಂದು ಟ್ಯಾಲಡೆಗಾ ಟ್ರ್ಯಾಕಿನಲ್ಲಿ ಬಡ್ಡಿ ಬೇಕರ್ ಗಂಟೆಗೆ 200.447 ಮೈಲಿ ವೇಗ ಮುಟ್ಟಿದರು. ಸುತ್ತು ಹೊಡೆಯುವ ಟ್ರ್ಯಾಕಿನಲ್ಲಿ ಸ್ಟಾಕ್ ಕಾರೊಂದು 200 ದಾಟಿದ್ದು ಅದೇ ಮೊದಲು. ಮೂತಿ ಚೂಪು, ಹಿಂದೆ ಎತ್ತರದ ರೆಕ್ಕೆ ಇದ್ದ ಡಾಡ್ಜ್ ಡೇಟೋನಾ ಅನ್ನುವ ಕಾರು ಅದು, ನಂಬರ್ 88. ಅದು ಹುಟ್ಟಿದ್ದು ಡೇಟೋನಾ ಆಗಿ ಅಲ್ಲ. ಚಾರ್ಜರ್ 500 ಆಗಿದ್ದ ಕಾರಿಗೆ ಆಮೇಲೆ ಮೂತಿ, ರೆಕ್ಕೆ ಸೇರಿಸಿದ್ದು. ದಾಖಲೆ ಆದ ಮೇಲೆ ಅದು ಅಯೋವಾ ರಾಜ್ಯದ ಡಾನ್ ವೈಟ್ ಅನ್ನುವ ರೇಸರ್ ಕೈ ಸೇರಿ, ಬೇರೆ ಬಣ್ಣದಲ್ಲಿ ಬೇರೆ ಸಂಸ್ಥೆಯ ರೇಸಿನಲ್ಲಿ ಓಡಿತು. ಅಷ್ಟು ಹೆಸರಾದ ಕಾರಿಗೇ ಈ ಗತಿ ಅಂದರೆ ಉಳಿದವುಗಳ ಪಾಡು ಕೇಳಬೇಡಿ.

ಇತ್ತ ಹಳೆಯ ಕಾರುಗಳ ರೇಸು ಈಗ ದೊಡ್ಡ ಹುಚ್ಚು. ಕ್ಯಾಲಿಫೋರ್ನಿಯಾದ ಲಗೂನಾ ಸೆಕಾದಲ್ಲಿ, ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಇವು ಓಡುವುದನ್ನು ನೋಡಲು ಜನ ಸೇರುತ್ತಾರೆ. ಅಸಲಿ ಕಾರು ಸಿಗುವುದಿಲ್ಲ. ಸಿಕ್ಕರೂ ಗೋಡೆಗೆ ಗುದ್ದಲು ಮಾಲೀಕರಿಗೆ ಮನಸ್ಸಿಲ್ಲ. ಅಲ್ಲಿ ನಮ್ಮ ಹೊಟ್ಟೆಪಾಡು.

ಈಗ ಕೆಲಸ ಹೇಗೆಂದರೆ, ಗ್ಯಾಲಕ್ಸಿ ನಕಲಿಗೆ ಎರಡು ಬಾಗಿಲಿನ ಕಾರಿನ ಚಾಸಿಯೇ ಬೇಕು ಎಂದಿಲ್ಲ. 1965, 1966ರ ನಾಲ್ಕು ಬಾಗಿಲಿನ ಸಂಸಾರಸ್ಥರ ಕಾರು ಹೊಲದ ಮೂಲೆಯಲ್ಲಿ ಬಿದ್ದಿರುತ್ತದೆ. ಅಗ್ಗಕ್ಕೆ ಸಿಗುತ್ತದೆ. ಅದನ್ನು ತಂದು ಬಾಡಿ ಎತ್ತಿ, ಚಾಸಿಯನ್ನು ಸಮತಟ್ಟಾದ ಉಕ್ಕಿನ ಹಾಸಿನ ಮೇಲೆ ಕೂರಿಸಿ, ಮಟ್ಟ ಹಿಡಿಯುತ್ತೇವೆ. ಅಲ್ಲಿಂದ ನನ್ನ ಪಾಳಿ. ಅಸಲಿ ಕಾರು ಒಂದು ಎಲ್ಲಾದರೂ ಇದ್ದರೆ ಅಲ್ಲಿಗೆ ಹೋಗಿ, ಪ್ರತಿ ಬೋಲ್ಟಿನ ತೂತಿನಿಂದ ತೂಕುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕುತ್ತೇನೆ. ಲೇಸರ್ ಸ್ಕ್ಯಾನರ್ ಇದೆ, ಬಳಸುತ್ತೇವೆ. ಆದರೂ ಗುಂಡು ಇಳಿಬಿಡದೆ ನನಗೆ ಸಮಾಧಾನ ಇಲ್ಲ. ಕಾರೇ ಇಲ್ಲದಿದ್ದರೆ ಹಳೆಯ ಫೋಟೋ. ಅದರಲ್ಲಿ 15 ಇಂಚಿನ ಚಕ್ರ ಕಾಣುತ್ತದಲ್ಲ, ಅದನ್ನೇ ಅಳತೆಗೋಲು ಮಾಡಿಕೊಂಡು ಉಳಿದದ್ದನ್ನು ಲೆಕ್ಕ ಹಾಕುವುದು.

ಎಲ್ಲವನ್ನೂ ಹಾಗೇ ನಕಲು ಮಾಡುವುದಿಲ್ಲ. ಪಂಜರಕ್ಕೆ ಈಗಿನ ಒಳ್ಳೆಯ ಪೈಪು ಹಾಕುತ್ತೇವೆ, ಒಂದೂ ಮುಕ್ಕಾಲು ಇಂಚು ದಪ್ಪ, ಗೋಡೆ 2.4 ಮಿಲಿಮೀಟರ್. ಪೆಟ್ರೋಲ್ ಟ್ಯಾಂಕು ಹೊರಗೆ ಹಳೆಯ 22 ಗ್ಯಾಲನ್‌ನ ಡಬ್ಬಿಯ ಆಕಾರ, ಒಳಗೆ ರಬ್ಬರ್ ಚೀಲ ಇರುವ ಹೊಸ ಬಗೆಯದು. ಈ ವಿಷಯದಲ್ಲಿ ಇತಿಹಾಸದ ಶುದ್ಧತೆ ನನಗೆ ಬೇಡ. 1964ರ ಮೇ ತಿಂಗಳಲ್ಲಿ ಶಾರ್ಲಟ್ ರೇಸಿನಲ್ಲಿ ಫೈರ್‌ಬಾಲ್ ರಾಬರ್ಟ್ಸ್ ಕಾರಿಗೆ ಬೆಂಕಿ ಹತ್ತಿತು, ಜುಲೈನಲ್ಲಿ ಅವರು ತೀರಿಕೊಂಡರು. ಆ ಚೀಲ ಬಳಕೆಗೆ ಬಂದದ್ದು ಅಂಥ ಸಾವುಗಳ ನಂತರ. ಅದನ್ನು ತೆಗೆದು 'ಹಳೆಯ ಹಾಗೇ ಇರಲಿ' ಅನ್ನುವವರ ಕಾರನ್ನು ನಾನು ಅಳೆಯುವುದಿಲ್ಲ.

ಅಸಲಿ-ನಕಲಿ ಪತ್ತೆಗೆ ನಿಮಗೊಂದು ಗುಟ್ಟು. ಕತ್ತರಿಸಿದ ಅಂಚು ನೋಡಿ. ಆಗ ಗ್ಯಾಸ್ ಕಟರ್, ಕೈ ಅಲುಗಿದ್ದು ಅಂಚಿನಲ್ಲಿ ಅಲೆಅಲೆಯಾಗಿ ಕಾಣುತ್ತದೆ. ಈಗ ಪ್ಲಾಸ್ಮಾ, ಲೇಸರ್. ಅಂಚು ನೇರ. ವೆಲ್ಡಿನ ಗುರುತೂ ಹಾಗೇ, ಆಗಿನದ್ದು ಹೆಚ್ಚಾಗಿ ರಾಡ್ ವೆಲ್ಡಿಂಗು ಅಥವಾ ಗ್ಯಾಸು. ಮುಚ್ಚಿದ ತೂತುಗಳನ್ನು ಎಣಿಸಿ. ನಿಜವಾಗಿ ಓಡಿದ ಚಾಸಿಯಲ್ಲಿ ಒಂದೇ ಬ್ರಾಕೆಟ್ಟಿಗೆ ಮೂರು ಜಾಗ ಇರುತ್ತದೆ, ಎರಡು ಕಿತ್ತು ಹಾಕಿದ್ದು. ಕೊನೆಗೆ ಎಡ ಬಲ ಅಳೆಯಿರಿ. ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಸಮ ಬಂದರೆ ನನಗೆ ಅನುಮಾನ ಶುರು.

ಒಬ್ಬ ಗಿರಾಕಿ ಹೊಸದಾಗಿ ಕಟ್ಟಿದ ಚಾಸಿಗೆ ಉಪ್ಪುನೀರು ಬಳಿದು ತುಕ್ಕು ಹಿಡಿಸಿ ಕೊಡಿ ಎಂದರು. ಹಳೆಯ ಸಂಖ್ಯೆಯ ಫಲಕ ತಾವೇ ತರುತ್ತೇನೆ ಎಂದೂ ಹೇಳಿದರು. ನಮ್ಮ ಮಾಲೀಕರು ಚಹಾ ಕೊಟ್ಟು ಕಳಿಸಿದರು. ನಾವು ಕಟ್ಟಿದ ಪ್ರತಿ ಚಾಸಿಯ ಬಲ ಪಟ್ಟಿಗೆ ನಮ್ಮ ಸಂಖ್ಯೆ, ಕಟ್ಟಿದ ವರ್ಷ ಗುದ್ದುತ್ತೇವೆ. ನಕಲು ಮಾಡುವುದು ತಪ್ಪಲ್ಲ. ಕಾರನ್ನು ಓಡಿಸದೆ, ಸುಳ್ಳು ಕಾಗದ ಇಟ್ಟುಕೊಂಡು ಗಾಜಿನ ಹಿಂದೆ ನಿಲ್ಲಿಸುವವರಿಗಿಂತ, 'ಇದು ನಕಲು' ಎಂದು ಹೇಳಿ ಟ್ರ್ಯಾಕಿಗೆ ಇಳಿಸುವವರ ಮೇಲೆ ನನಗೆ ಪ್ರೀತಿ ಜಾಸ್ತಿ.

ನಮ್ಮಲ್ಲಿ ಹಳೆಯ ಕಾರಿಗೆ ಹೊಸ ಚಾಸಿ ಹಾಕಿದರೆ ಆರ್‌ಟಿಒ ಒಪ್ಪುತ್ತದೆಯೇ?
— ಹಳೆಯ ಕಾರಿನ ಹುಚ್ಚಿನವರು, ಬೆಂಗಳೂರು

ವಿಂಟೇಜ್ ನೋಂದಣಿ ನಿಮ್ಮ ಮನಸ್ಸಿನಲ್ಲಿದ್ದರೆ ಆಸೆ ಬಿಡಿ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಲ್ಲಿ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರ ಇರುವ ನಂಬರ್ ಕೊಡುತ್ತಾರೆ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಬೇರೆ ಬಗೆಯ ಪ್ರಶ್ನೆಯಾದರೆ ನಿಮ್ಮ ಆರ್‌ಟಿಒದಲ್ಲೇ ಕೇಳಿ. ಕೆಲಸ ಶುರು ಮಾಡುವ ಮೊದಲು ಕೇಳಿ.

ನಮ್ಮ ಕಾಲೇಜಿನ ಬಾಹಾ (ವಿದ್ಯಾರ್ಥಿಗಳೇ ಗಾಡಿ ಕಟ್ಟಿ ಓಡಿಸುವ ಸ್ಪರ್ಧೆ) ತಂಡದ ಪೈಪ್ ಫ್ರೇಮು ವೆಲ್ಡ್ ಆದ ಮೇಲೆ ತಿರುಚಿಕೊಂಡಿದೆ. ಹಳಬರು ಹೇಗೆ ನೇರ ಇಡುತ್ತಿದ್ದರು?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮಂಗಳೂರು

ವೆಲ್ಡು ತಣ್ಣಗಾಗುವಾಗ ಕುಗ್ಗಿ ಪೈಪನ್ನು ತನ್ನ ಕಡೆಗೆ ಎಳೆಯುತ್ತದೆ. ಅದನ್ನು ತಡೆಯಲಾಗದು, ಹಂಚಬಹುದು. ಹಳಬರು ದಪ್ಪ ಐ-ಬೀಮ್‌ಗಳ ಜಿಗ್ ಮೇಲೆ ಪೈಪನ್ನು ಬಿಗಿದು, ಎಲ್ಲ ಕೀಲಿಗೂ ಮೊದಲು ಟ್ಯಾಕ್, ಅಂದರೆ ಚುಕ್ಕಿಯಷ್ಟೇ ವೆಲ್ಡು ಹೊಡೆಯುತ್ತಿದ್ದರು. ಇಡೀ ಫ್ರೇಮು ಟ್ಯಾಕಿನಲ್ಲಿ ನಿಂತ ಮೇಲೆಯೇ ಪೂರ್ತಿ ವೆಲ್ಡು. ಅದೂ ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ಮುಂದೆ, ಒಂದು ಹಿಂದೆ. ಒಂದೇ ಮೂಲೆಯಲ್ಲಿ ಕೂತು ಮುಗಿಸುವ ಹಾಗಿಲ್ಲ. ಪೂರ್ತಿ ತಣ್ಣಗಾಗುವ ತನಕ ಕ್ಲಾಂಪ್ ಬಿಚ್ಚುತ್ತಿರಲಿಲ್ಲ.

ನಿಮ್ಮದು ಈಗಾಗಲೇ ತಿರುಚಿದೆ. ಕಾಯಿಸಿ, ಸರಪಳಿ ಹಾಕಿ ಎಳೆಯಲು ಹೋಗಬೇಡಿ. ತೆಳು ಪೈಪು ಸುಕ್ಕಾದರೆ ಸ್ಪರ್ಧೆಯ ತಪಾಸಣೆಯಲ್ಲಿ ನಿಲ್ಲುವುದಿಲ್ಲ. ಮೊದಲು ಫ್ರೇಮನ್ನು ಸಮತಟ್ಟಾದ ಜಾಗದಲ್ಲಿಟ್ಟು, ಸಸ್ಪೆನ್ಷನ್ ಕೂರುವ ಬಿಂದುಗಳ ನಡುವೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿಯಿರಿ. ವ್ಯತ್ಯಾಸ ಸಣ್ಣದಾದರೆ ಫ್ರೇಮು ಮುಟ್ಟುವುದೇ ಬೇಡ, ಬ್ರಾಕೆಟ್ಟುಗಳನ್ನು ಹೊಸ ಜಾಗಕ್ಕೆ ಸರಿಸಿ ವೆಲ್ಡ್ ಮಾಡಿದರೆ ಸಾಕು. ಎಷ್ಟು ಮಿಲಿಮೀಟರ್ ತಿರುಚಿದೆ ಎಂದು ನೀವು ಬರೆದಿಲ್ಲ. ಅಳೆದು ಕಳಿಸಿ, ಮುಂದಿನ ತಿಂಗಳು ಮಾತಾಡೋಣ.